ಗ್ರಾಮೀಣ ರಸ್ತೆಯ ಸಾವು ವಿಧಿಲಿಖಿತವಲ್ಲ

ಹಳ್ಳಿಯ ರಸ್ತೆಯಲ್ಲಿ ಸಂಭವಿಸುವ ಪ್ರತಿಯೊಂದು ಸಾವನ್ನೂ ಕೆಲವು ದಿನಗಳ ಶೋಕಕ್ಕೆ, ಒಂದು ಪ್ರಥಮ ವರ್ತಮಾನ ವರದಿಗೆ ಮತ್ತು ಒಂದಿಷ್ಟು ಪರಿಹಾರಧನದ ಘೋಷಣೆಗೆ ಸೀಮಿತಗೊಳಿಸಿ ಮುಂದೆ ಸಾಗುವ ಪರಿಪಾಠ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮೃತರ ಮನೆಯವರು ಅದನ್ನು ಹಣೆಬರಹವೆಂದು ಸಹಿಸುತ್ತಾರೆ. ಆಡಳಿತವು ಚಾಲಕನ ಅಜಾಗರೂಕತೆ ಎಂದು ದಾಖಲಿಸಿ ಕಡತ ಮುಚ್ಚುತ್ತದೆ. ಈ ಎರಡು ವಿವರಣೆಗಳ ನಡುವೆ, ನಿರ್ದಿಷ್ಟವಾದ ಕರ್ತವ್ಯವೊಂದನ್ನು ನಿರ್ವಹಿಸಬೇಕಿದ್ದೂ ನಿರ್ವಹಿಸದೆ ಉಳಿದವರು ಯಾರು ಎಂಬ ಪ್ರಶ್ನೆ ಕೇಳದೆಯೇ ಉಳಿದುಹೋಗುತ್ತದೆ. ಗ್ರಾಮೀಣ ರಸ್ತೆಗಳಲ್ಲಿ ನಾವು ಕಳೆದುಕೊಳ್ಳುತ್ತಿರುವ ಜೀವಗಳಲ್ಲಿ ಬಹುಪಾಲು ಉಳಿಸಿಕೊಳ್ಳಬಹುದಾಗಿದ್ದವು ಮತ್ತು ಉಳಿಸಿಕೊಳ್ಳುವ ಮಾರ್ಗ ಹೊಣೆಗಾರರಿಗೆ ತಿಳಿದೇ ಇತ್ತು ಎಂಬುದು ಈ ಪತ್ರಿಕೆಯ ವಿಚಾರಪೂರ್ವಕ ಅಭಿಮತ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 11,702 ಮಂದಿ ಕರ್ನಾಟಕದಲ್ಲಿ ಪ್ರಾಣ ಬಿಟ್ಟವರು. ದೇಶದ ಒಟ್ಟು ಸಾವುಗಳಲ್ಲಿ ಸುಮಾರು ಶೇ 68ರಷ್ಟು ಸಂಭವಿಸಿದ್ದು ಗ್ರಾಮೀಣ ಪ್ರದೇಶಗಳಲ್ಲಿ. ರಸ್ತೆ ಸುರಕ್ಷತೆಯೆಂದರೆ ಮಹಾನಗರದ ವಾಹನದಟ್ಟಣೆ, ಸಿಗ್ನಲ್ ದೀಪ ಮತ್ತು ಮೇಲ್ಸೇತುವೆಗಳ ಚರ್ಚೆ ಎಂದು ಭಾವಿಸುತ್ತ ಬಂದಿರುವ ನೀತಿನಿರೂಪಕರಿಗೆ ಈ ಒಂದು ಅಂಕಿ ಸಾಕಷ್ಟು ಗಂಭೀರವಾದ ಉತ್ತರ. ದೇಶದ ಒಟ್ಟು ರಸ್ತೆಯುದ್ದದಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಪಾಲು ಶೇ 5ರಷ್ಟು ಮಾತ್ರ. ಸಾವುಗಳಲ್ಲಿ ಅವುಗಳ ಪಾಲು ಶೇ 60ರಷ್ಟು. ಹೆದ್ದಾರಿಯ ವೇಗವೂ ಹಳ್ಳಿಯ ನಿತ್ಯಜೀವನವೂ ಒಂದನ್ನೊಂದು ಅಡ್ಡಹಾಯುವಲ್ಲಿ ಈ ಸಾವುಗಳ ದೊಡ್ಡ ಭಾಗ ಸಂಭವಿಸುತ್ತದೆ.

ರಸ್ತೆಯಿಂದ ಗ್ರಾಮೀಣ ಬದುಕಿಗೆ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. 2000ದ ಡಿಸೆಂಬರ್‌ನಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ಅದರ ಜೊತೆಗೆ ರಾಜ್ಯವು ಕೈಗೊಂಡ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಗಳಿಂದಾಗಿ ಮಳೆಗಾಲದಲ್ಲಿ ಕೆಸರಿನಲ್ಲಿ ಹೂತುಹೋಗುತ್ತಿದ್ದ ಅನೇಕ ಊರುಗಳು ಡೇರಿಗೆ, ಸಂತೆಗೆ, ಕಾಲೇಜಿಗೆ, ಹೆರಿಗೆ ಆಸ್ಪತ್ರೆಗೆ ಸಮೀಪವಾದವು. ಆದರೆ ಡಾಂಬರು ಬಂದಷ್ಟು ಶ್ರದ್ಧೆಯಿಂದ ಪಾದಚಾರಿ ಮಾರ್ಗ ಬರಲಿಲ್ಲ. ರಸ್ತೆ ಅಗಲವಾದಷ್ಟು ವೇಗವಾಗಿ ಬೆಳಕಾಗಲಿ, ಸೂಚನಾಫಲಕವಾಗಲಿ, ತಡೆಗೋಡೆಯಾಗಲಿ ಬರಲಿಲ್ಲ. ಮನೆ ಒಂದು ಬದಿಗೆ, ಹೊಲ ಮತ್ತೊಂದು ಬದಿಗೆ. ಶಾಲೆ ಈಚೆ, ಹಾಲಿನ ಡೇರಿ ಆಚೆ. ದೇವಸ್ಥಾನ, ಸ್ಮಶಾನ, ಕೆರೆ ಎಲ್ಲವೂ ರಸ್ತೆಯ ಎರಡು ಕಡೆಗೆ ಹಂಚಿಹೋಗಿರುವ ಊರಿನಲ್ಲಿ ರಸ್ತೆ ದಾಟುವುದು ದಿನಕ್ಕೆ ಹತ್ತಾರು ಬಾರಿ ಅನಿವಾರ್ಯವಾದ ಕ್ರಿಯೆ. ಜಾನುವಾರು, ಎತ್ತಿನ ಗಾಡಿ, ಸೈಕಲ್ಲು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು, ಕೋಲೂರಿ ನಡೆಯುವ ವೃದ್ಧರು, ಬ್ಯಾಗು ಹೊತ್ತ ಮಕ್ಕಳು ಇವರೆಲ್ಲರೂ ಆ ರಸ್ತೆಯ ನ್ಯಾಯಸಮ್ಮತ ಬಳಕೆದಾರರು. ಅವರನ್ನು ಗಣನೆಗೆ ತೆಗೆದುಕೊಳ್ಳದೆ ವಾಹನದ ಸುಗಮ ಸಂಚಾರವೊಂದನ್ನೇ ಲಕ್ಷ್ಯದಲ್ಲಿಟ್ಟು ರೂಪಿಸಿದ ರಸ್ತೆಯು ತಾಂತ್ರಿಕವಾಗಿ ಪೂರ್ಣಗೊಂಡಿದ್ದರೂ ನೈತಿಕವಾಗಿ ಅಪೂರ್ಣ.

ಈ ಅಪೂರ್ಣತೆಯ ಪರಿಣಾಮವೇನೆಂಬುದಕ್ಕೆ ರಾಜ್ಯದ ಇತ್ತೀಚಿನ ನೆನಪಿನಲ್ಲಿಯೇ ಸಾಕಷ್ಟು ಸಾಕ್ಷ್ಯವಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಶಾಲಾಮಕ್ಕಳೂ ಸೇರಿದಂತೆ 30 ಮಂದಿ ಜೀವ ಕಳೆದುಕೊಂಡರು. ಇಡೀ ನಾಡು ಕಂಬನಿ ಮಿಡಿದ ಆ ದುರಂತದ ನಂತರವೂ 2023ರಲ್ಲಿ ಅದೇ ನಾಲೆಗೆ ಮತ್ತೆ ಮತ್ತೆ ಕಾರುಗಳು ಉರುಳಿದವು, ಮತ್ತೆ ಜೀವಗಳು ಹೋದವು. 2022ರ ಮಾರ್ಚ್‌ನಲ್ಲಿ ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸು ಮಗುಚಿ ವಿದ್ಯಾರ್ಥಿಗಳು ಬಲಿಯಾದರು. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರ ವಾಹನ ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ಲಾರಿಗೆ ಅಪ್ಪಳಿಸಿ 13 ಮಂದಿ ಮೃತಪಟ್ಟರು. 2025ರ ಜನವರಿಯಲ್ಲಿ ಸವಣೂರು ಕಡೆಯಿಂದ ಕುಮಟಾದ ಸಂತೆಗೆ ತರಕಾರಿಯ ಲೋಡಿನೊಂದಿಗೆ ಹೊರಟಿದ್ದ 10 ಮಂದಿ ವ್ಯಾಪಾರಿಗಳು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಬಳಿ ಲಾರಿ ಉರುಳಿ ಅಸುನೀಗಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಎಳೆಯ ವಯಸ್ಸಿನ ಹಲವರು ಕ್ಷಣಮಾತ್ರದಲ್ಲಿ ಇಲ್ಲವಾದರು.

ಈ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದ ಆಕಸ್ಮಿಕಗಳಂತೆ ಮೇಲ್ನೋಟಕ್ಕೆ ತೋರಬಹುದು. ಒಟ್ಟಾಗಿ ನೋಡಿದಾಗ ಅವುಗಳ ಹಿಂದಿನ ಲೋಪಗಳು ಸ್ಪಷ್ಟವಾಗುತ್ತವೆ: ತುಂಬಿ ಹರಿಯುವ ನಾಲೆಯ ಪಕ್ಕ ತಡೆಗೋಡೆಯಿಲ್ಲದ ರಸ್ತೆ, ಸಾಕಷ್ಟು ಬಸ್ಸುಗಳಿಲ್ಲದ ಮಾರ್ಗ, ಹೆದ್ದಾರಿಯಂಚಿನಲ್ಲಿ ಲಾರಿ ನಿಲ್ಲದಂತೆ ನೋಡಿಕೊಳ್ಳದ ಗಸ್ತು, ಸರಕಿನ ಮೇಲೆಯೇ ಮನುಷ್ಯರು ಕೂತು ಪಯಣಿಸಬೇಕಾದ ಅನಿವಾರ್ಯ, ಜನ ಸೇರುವ ದಿನ ವಾಹನ ಸಂಚಾರವನ್ನು ಬೇರೆಡೆಗೆ ತಿರುಗಿಸದ ವ್ಯವಸ್ಥೆ. ಇವುಗಳಲ್ಲಿ ಒಂದೂ ಮನುಷ್ಯಪ್ರಯತ್ನವನ್ನು ಮೀರಿದ್ದಲ್ಲ.

ಲೋಪಗಳು ಇಷ್ಟು ಸ್ಪಷ್ಟವಾಗಿದ್ದರೂ ಅವು ಸರಿಹೋಗದಿರಲು ಮೊದಲ ಕಾರಣ, ಹೊಣೆಯು ಹಂಚಿಹೋಗಿರುವ ರೀತಿ. ರಾಷ್ಟ್ರೀಯ ಹೆದ್ದಾರಿ ಒಂದು ಪ್ರಾಧಿಕಾರದ ಅಧೀನ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದವು. ಗ್ರಾಮ ಸಂಪರ್ಕ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವು. ನಾಲೆಯ ಏರಿ ನೀರಾವರಿ ನಿಗಮದ್ದು. ಬೀದಿದೀಪ ಗ್ರಾಮ ಪಂಚಾಯಿತಿಯದು. ವೇಗದ ನಿಯಂತ್ರಣ ಪೊಲೀಸರದು. ಪರವಾನಗಿ ಮತ್ತು ವಾಹನದ ಅರ್ಹತಾಪತ್ರ ಸಾರಿಗೆ ಇಲಾಖೆಯದು. ಊರಿನ ಗೇಟಿನ ಬಳಿ ಒಂದು ಎಚ್ಚರಿಕೆಯ ದೀಪ ಹಾಕಿಸಲು ಗ್ರಾಮಸಭೆಯಲ್ಲಿ ಅಂಗೀಕಾರವಾದ ಮನವಿಯು ಈ ಕಚೇರಿಗಳ ನಡುವೆ ಅಲೆಯುವಷ್ಟರಲ್ಲಿ ಒಂದು ಮುಂಗಾರು ಕಳೆದು ಮತ್ತೊಂದು ಬರುತ್ತದೆ. ಪ್ರತಿಯೊಂದು ಕಚೇರಿಯೂ ತನ್ನ ವ್ಯಾಪ್ತಿಯ ಮಿತಿಯನ್ನು ಸಕಾರಣವಾಗಿಯೇ ವಿವರಿಸಬಲ್ಲದು. ಆದರೆ ಎಲ್ಲರ ವ್ಯಾಪ್ತಿಗೂ ಹೊರಗೆ ಉಳಿದ ನೂರು ಮೀಟರಿನಲ್ಲಿ ಮಗುವೊಂದು ಸತ್ತರೆ ಅದಕ್ಕೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ ಎಂಬುದು ಆಡಳಿತದ ಸಾಮೂಹಿಕ ವೈಫಲ್ಯ. ಪ್ರತ್ಯೇಕವಾಗಿ ಎಲ್ಲರೂ ನಿರ್ದೋಷಿಗಳೆಂಬುದು ಈ ವೈಫಲ್ಯಕ್ಕೆ ಸಮರ್ಥನೆಯಾಗಲಾರದು.

ಎರಡನೆಯ ಕಾರಣ, ತನಿಖೆಯು ಚಾಲಕನಲ್ಲಿಗೇ ಬಂದು ನಿಂತುಬಿಡುವುದು. ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ ಎಂಬ ಸಿದ್ಧ ವಾಕ್ಯವು ಬಹುತೇಕ ಎಲ್ಲ ದೂರುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಸಚಿವಾಲಯದ 2022ರ ವರದಿಯಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿರುವಾಗ ಚಾಲಕನ ತಪ್ಪನ್ನು ಹಗುರಗೊಳಿಸುವ ಇಚ್ಛೆ ನಮಗಿಲ್ಲ. ತಪ್ಪಿತಸ್ಥ ಚಾಲಕನಿಗೆ ಶಿಕ್ಷೆಯಾಗಲೇಬೇಕು. ಆದರೆ ಆ ತಿರುವಿನಲ್ಲಿ ಫಲಕವಿತ್ತೇ, ಗಿಡಗಂಟಿ ಬೆಳೆದು ದೃಷ್ಟಿಗೆ ಅಡ್ಡವಾಗಿತ್ತೇ, ರಸ್ತೆಯಂಚು ಕುಸಿದಿತ್ತೇ, ಕೂಡುರಸ್ತೆಯಲ್ಲಿ ಬೆಳಕಿತ್ತೇ ಎಂಬ ಪ್ರಶ್ನೆಗಳನ್ನು ಕೇಳದ ತನಿಖೆಯು ಅದೇ ಸ್ಥಳದ ಮುಂದಿನ ಸಾವನ್ನು ತಡೆಯಲಾರದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರ್ಪಡೆಯಾದ 198ಎ ಕಲಮು, ರಸ್ತೆಯ ವಿನ್ಯಾಸ, ನಿರ್ಮಾಣ ಮತ್ತು ನಿರ್ವಹಣೆಯಲ್ಲಿ ನಿಗದಿತ ಮಾನದಂಡವನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಪ್ರಾಧಿಕಾರ, ಗುತ್ತಿಗೆದಾರ ಹಾಗೂ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಮೊತ್ತ ಅಲ್ಪವೇ ಆಗಿರಬಹುದು. ರಸ್ತೆ ನಿರ್ಮಿಸಿದವರೂ ಉತ್ತರದಾಯಿಗಳು ಎಂಬ ತತ್ತ್ವ ಅಲ್ಪವಾದುದಲ್ಲ. ಶಾಸನವು ಅಂಗೀಕರಿಸಿದ ಈ ತತ್ತ್ವವು ಠಾಣೆಯ ಮಟ್ಟದಲ್ಲಿ ತನಿಖೆಯ ರೂಢಿಯಾಗಿ ಇನ್ನೂ ಬೇರೂರಿಲ್ಲ.

ಮೂರನೆಯ ಕಾರಣ ಹೆಚ್ಚು ಸೂಕ್ಷ್ಮವಾದದ್ದು; ಅದರ ಬಗ್ಗೆ ಆಡಳಿತಗಾರರು ಆಳವಾಗಿ ಯೋಚಿಸಬೇಕಿದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಭಾಗವೊಂದರಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯ ಉಂಟುಮಾಡಿದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಸಂಭವಿಸಿದ್ದರೆ ಅದನ್ನು ಅಪಾಯಕಾರಿ ‘ಬ್ಲ್ಯಾಕ್ ಸ್ಪಾಟ್’ ಎಂದು ಪರಿಗಣಿಸುವುದು ಪ್ರಚಲಿತ ಕ್ರಮ. ಒಂದು ಸ್ಥಳಕ್ಕೆ ಗಮನ ಸಿಗಬೇಕಾದರೆ ಅಲ್ಲಿ ಮೊದಲು ಅಷ್ಟು ಮಂದಿ ಸಾಯಬೇಕು ಅಥವಾ ನರಳಬೇಕು ಎಂಬುದು ಈ ಕ್ರಮದ ಒಳಗಿರುವ ಕ್ರೂರ ತರ್ಕ. ಹಳ್ಳಿಯ ಮಟ್ಟಿಗಂತೂ ಈ ತರ್ಕ ಇನ್ನಷ್ಟು ಅನ್ಯಾಯಕರವಾಗಿ ಪರಿಣಮಿಸುತ್ತದೆ. ಈ ವರ್ಷ ಒಂದು ಊರಿನ ಗೇಟಿನಲ್ಲಿ ಒಬ್ಬ ರೈತ, ಮರುವರ್ಷ ಪಕ್ಕದ ಊರಿನ ತಿರುವಿನಲ್ಲಿ ಒಬ್ಬ ವಿದ್ಯಾರ್ಥಿ, ಅದರ ಮರುವರ್ಷ ಕೆರೆ ಏರಿಯ ಮೇಲೆ ಒಬ್ಬ ಗೃಹಿಣಿ ಎಂಬಂತೆ ಚದುರಿಹೋಗುವ ಸಾವುಗಳು ಯಾವ ಪಟ್ಟಿಯನ್ನೂ ಸೇರುವುದಿಲ್ಲ. ಪಟ್ಟಿಗೆ ಸೇರದ ಸ್ಥಳಕ್ಕೆ ಅಂದಾಜುಪಟ್ಟಿ ಇಲ್ಲ, ಅಂದಾಜುಪಟ್ಟಿ ಇಲ್ಲದೆ ಅನುದಾನವಿಲ್ಲ. ಗ್ರಾಮೀಣ ರಸ್ತೆಯ ಸುರಕ್ಷತೆಗೆ ಸಾವಿನ ಎಣಿಕೆಯೇ ಅಳತೆಗೋಲಾಗಿರುವವರೆಗೆ ಹಳ್ಳಿಯು ಸದಾ ಸರದಿಯ ಕೊನೆಯಲ್ಲಿಯೇ ಉಳಿಯುತ್ತದೆ. ಅಪಾಯವನ್ನು ಮುಂಚಿತವಾಗಿ ಗುರುತಿಸುವ ಸುರಕ್ಷತಾ ಪರಿಶೋಧನೆ ಪ್ರತಿಯೊಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿಯೂ ನಡೆಯಬೇಕೆಂದು ನಾವು ಒತ್ತಾಯಿಸುವುದು ಈ ಕಾರಣಕ್ಕೆ.

ಮನವಿಗಳಿಗೆ ಉತ್ತರ ಸಿಗದೆ ಹೋದಾಗ ಗ್ರಾಮಸ್ಥರು ತಾವೇ ಪರಿಹಾರ ಹುಡುಕುತ್ತಾರೆ. ಸಾವು ಸಂಭವಿಸಿದ ಮರುದಿನ ಊರಿನವರು ಸೇರಿ ಮಣ್ಣಿನಿಂದಲೋ ಕಾಂಕ್ರೀಟಿನಿಂದಲೋ ಹಾಕಿಕೊಳ್ಳುವ ಹಂಪ್ಸ್‌ಗಳು ಈ ಹತಾಶೆಯ ಫಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆಯುಬ್ಬು 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರದ ಮಟ್ಟಸವಾದ ವೃತ್ತಖಂಡದಂತೆ ಇರಬೇಕು. 40 ಮೀಟರ್ ಮುಂಚೆಯೇ ಎಚ್ಚರಿಕೆಯ ಫಲಕವಿರಬೇಕು. ರಾತ್ರಿಯೂ ಕಾಣುವಂತೆ ಬಣ್ಣ ಬಳಿದಿರಬೇಕು. ಊರವರು ಹಾಕಿದ ಕಡಿದಾದ ಉಬ್ಬಿನಲ್ಲಿ ಈ ಯಾವ ಗುಣವೂ ಇರುವುದಿಲ್ಲ. ಕತ್ತಲಲ್ಲಿ ಅದನ್ನು ಹಾರುವ ಬೈಕಿನ ಹಿಂಬದಿಯಲ್ಲಿ ಕುಳಿತ ಮಹಿಳೆ ಕೆಳಕ್ಕೆಸೆಯಲ್ಪಟ್ಟು ತಲೆಗೆ ಪೆಟ್ಟಾಗಿ ಸಾಯುವುದು ಅಪರೂಪದ ಸುದ್ದಿಯಲ್ಲ. ಸುರಕ್ಷತೆಗೆಂದು ಹಾಕಿದ್ದೇ ಸಾವಿಗೆ ಕಾರಣವಾಗುವ ಈ ದುರ್ಗತಿಗೆ, ಮಾರ್ಗಸೂಚಿ ಅರಿಯದ ಗ್ರಾಮಸ್ಥರಿಗಿಂತ ಅದನ್ನು ಅರಿತೂ ಸಕಾಲದಲ್ಲಿ ಬಾರದ ಎಂಜಿನಿಯರಿಂಗ್ ವ್ಯವಸ್ಥೆಯೇ ಹೆಚ್ಚು ಹೊಣೆ. ಊರಿನ ಪ್ರವೇಶದಲ್ಲಿಯೇ ರಸ್ತೆಯನ್ನು ಕಿರಿದುಗೊಳಿಸುವುದು, ಕಂಪನ ಪಟ್ಟಿ ಹಾಕುವುದು, ಬೆಳಕು ಮತ್ತು ಫಲಕಗಳಿಂದ ಜನವಸತಿಯನ್ನು ಚಾಲಕನ ಕಣ್ಣಿಗೆ ಸ್ಪಷ್ಟಪಡಿಸುವುದು ಇವೆಲ್ಲ ಜಗತ್ತಿನೆಲ್ಲೆಡೆ ಪರೀಕ್ಷಿತವಾದ ಮತ್ತು ದುಬಾರಿಯಲ್ಲದ ಉಪಾಯಗಳು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಹಾಗೆಯೇ, ಇಳಿಸಿದ ಪ್ರತಿಯೊಂದು ಕಿಲೋಮೀಟರ್ ವೇಗವೂ ಉಳಿಸಿದ ಜೀವಗಳ ಲೆಕ್ಕಕ್ಕೆ ಸೇರುತ್ತದೆ.

ವೇಗ ನಿಯಂತ್ರಣ ನಮ್ಮಲ್ಲಿ ಅಸಾಧ್ಯವೆಂಬ ವಾದವನ್ನು ನಮ್ಮ ರಾಜ್ಯದ ಅನುಭವವೇ ನಿರಾಕರಿಸುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾಲುಸಾಲು ಸಾವುಗಳಾದಾಗ ಆಡಳಿತ ಎಚ್ಚೆತ್ತಿತು. ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯಪಥದಿಂದ ಹೊರಗಿಟ್ಟಿತು, ವೇಗ ಅಳೆಯುವ ಕ್ಯಾಮೆರಾಗಳನ್ನು ಅಳವಡಿಸಿತು, ನಿರಂತರವಾಗಿ ದಂಡ ವಿಧಿಸಿತು. ಮರುವರ್ಷ ಅಲ್ಲಿ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ಗಣ್ಯರು ಸಂಚರಿಸುವ ಹೆದ್ದಾರಿಯಲ್ಲಿ ಸಾಧ್ಯವಾದ ಈ ಇಚ್ಛಾಶಕ್ತಿ, ಸೇಡಂ, ಸಿಂಧನೂರು, ಹೊಸದುರ್ಗ, ಹನೂರು ಕಡೆಯ ಹಳ್ಳಿಗಳ ಕೂಡುರಸ್ತೆಗಳಿಗೆ ಏಕೆ ತಲುಪುತ್ತಿಲ್ಲ ಎಂಬ ಪ್ರಶ್ನೆಗೆ ಸರ್ಕಾರ ಉತ್ತರಿಸಬೇಕು.

ಸಮಾಜದ ಪಾಲನ್ನು ಮುಚ್ಚಿಟ್ಟು ಆಡಳಿತವನ್ನಷ್ಟೇ ದೂಷಿಸುವುದು ನ್ಯಾಯವಾಗಲಾರದು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿ, ಜೋಳವನ್ನು ಡಾಂಬರು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವ ಪದ್ಧತಿಯಿಂದ ಬೈಕ್ ಸವಾರರು ಜಾರಿ ಬೀಳುತ್ತಾರೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ವಾಹನಗಳಿಗೆ ಬೆಂಕಿ ಹೊತ್ತಿಕೊಂಡ ನಿದರ್ಶನಗಳೂ ಇವೆ. ಹಿಂದೆ ಪ್ರತಿ ಊರಿಗೂ ಕಣವಿತ್ತು. ಕಣದ ಜಾಗ ಒತ್ತುವರಿಯಾದಂತೆ, ಸಗಣಿ ಸಾರಿಸಿ ಕಣ ಹದಗೊಳಿಸುವ ಶ್ರಮಕ್ಕೆ ಕೈಗಳು ಕಡಿಮೆಯಾದಂತೆ ರಸ್ತೆಯೇ ಕಣವಾಯಿತು. ಉದ್ಯೋಗ ಖಾತರಿ ಯೋಜನೆಯಡಿ ಒಕ್ಕಣೆ ಕಣ ನಿರ್ಮಿಸಿಕೊಳ್ಳಲು ಅವಕಾಶ ದೊರೆತ ಮೇಲೂ ರಸ್ತೆಯನ್ನೇ ಆಶ್ರಯಿಸುವುದಾದರೆ ಅದರ ದೋಷದಲ್ಲಿ ರೈತನಿಗೂ ಪಾಲಿದೆ, ಕಣ ಒದಗಿಸುವ ಉತ್ಸಾಹ ತೋರದ ಪಂಚಾಯಿತಿಗೂ ಪಾಲಿದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಹಿಂಬದಿಯ ದೀಪವಾಗಲಿ, ಪ್ರತಿಫಲಕ ಪಟ್ಟಿಯಾಗಲಿ ಇಲ್ಲದೆ ಸಾಗುವ ಟ್ರೇಲರ್‌ಗಳ ವಿಷಯದಲ್ಲಿ ರೈತನಷ್ಟೇ ಸಕ್ಕರೆ ಕಾರ್ಖಾನೆಯ ಆಡಳಿತವೂ ಹೊಣೆ. ಪ್ರತಿಫಲಕವಿಲ್ಲದ ಟ್ರೇಲರನ್ನು ತೂಕದ ಸೇತುವೆಗೆ ಹತ್ತಿಸದಿರುವ ಒಂದು ನಿಯಮ ಅನೇಕ ಮನೆಗಳ ದೀಪವನ್ನು ಉಳಿಸಬಲ್ಲದು.

ಮೀಸೆ ಚಿಗುರುವ ಮುನ್ನವೇ ಮಗನ ಕೈಗೆ ಬೈಕಿನ ಕೀಲಿ ಕೊಡುವ ತಂದೆತಾಯಿಯರೂ ಆತ್ಮಪರಿಶೀಲನೆ ಮಾಡಿಕೊಳ್ಳಬೇಕು. ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದೆಂದು ಕಾಯ್ದೆಯ 199ಎ ಕಲಮು ಹೇಳುತ್ತದೆ. ಹೆಲ್ಮೆಟ್ ಧರಿಸದೆ 2022ರಲ್ಲಿ ದೇಶದಲ್ಲಿ ಮಡಿದವರು 50,029 ಮಂದಿ. ಊರೊಳಗೆ ಹೆಲ್ಮೆಟ್ ಏಕೆ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಸಹಜವಾಗಿ ಕೇಳಿಬರುತ್ತದೆ. ಹೊಲದಿಂದ ಮನೆಗೆ ಮರಳುವ ಎರಡು ಕಿಲೋಮೀಟರಿನಲ್ಲಿಯೂ ಸಾವು ಸಂಭವಿಸುತ್ತದೆ ಎಂಬ ಸತ್ಯವನ್ನು ಆ ಮಾತು ಮರೆಸುತ್ತದೆ.

ಆದರೂ ಜನರ ತಪ್ಪಿಗೆ ಹಿನ್ನೆಲೆಯಿದೆಯೆಂಬುದನ್ನು ಮರೆಯಬಾರದು. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಮಾತ್ರ ಬರುವ ಊರಿನ ವಿದ್ಯಾರ್ಥಿ ಮೆಟ್ಟಿಲಲ್ಲಿ ನೇತಾಡುವುದೂ, ಕೂಲಿ ಹೆಂಗಸರು ಗೂಡ್ಸ್ ಗಾಡಿ ಹತ್ತುವುದೂ, ಮೂವರು ಒಂದೇ ಬೈಕಿನಲ್ಲಿ ಸಾಗುವುದೂ ಅವರ ಸ್ವಚ್ಛಂದದ ಆಯ್ಕೆಗಳಲ್ಲ. 2023ರ ಜೂನ್‌ನಲ್ಲಿ ಜಾರಿಗೊಂಡ ಶಕ್ತಿ ಯೋಜನೆಯು ಮಹಿಳೆಯರ ಸಂಚಾರಕ್ಕೆ ದೊಡ್ಡ ಬಲ ನೀಡಿತು. ಆ ಬಲಕ್ಕೆ ತಕ್ಕಷ್ಟು ಬಸ್ಸುಗಳು ಗ್ರಾಮೀಣ ಮಾರ್ಗಗಳಿಗೆ ಸೇರಿದಾಗ ಮಾತ್ರ ಅದು ಸುರಕ್ಷಿತ ಸಂಚಾರದ ಹಕ್ಕಾಗಿ ಪೂರ್ಣಗೊಳ್ಳುತ್ತದೆ.

ಅಪಘಾತದ ನಂತರದ ಮೊದಲ ಒಂದು ಗಂಟೆಯ ಮಹತ್ತ್ವವನ್ನು ಕಾನೂನೇ ಗುರುತಿಸಿದೆ. ನೆರವಾದವರಿಗೆ ಕಿರುಕುಳವಾಗಬಾರದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ರಕ್ಷಣೆಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ಮೂಲಕ ಶಾಸನದ ಬಲ ದೊರೆತಿದೆ. ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ನೀಡುವ ಯೋಜನೆ 2025ರಲ್ಲಿ ಅಧಿಸೂಚಿತವಾಗಿದೆ. ಆದರೆ ಗಾಯಾಳುವನ್ನು ಮುಟ್ಟಿದರೆ ಠಾಣೆಗೆ ಅಲೆಯಬೇಕಾದೀತೆಂಬ ಭಯ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಕಳುಹಿಸುವ ದಾರಿಯಲ್ಲಿಯೇ ಉಸಿರು ನಿಲ್ಲುವ ಪ್ರಕರಣಗಳೂ ನಿಂತಿಲ್ಲ. ಹಕ್ಕು ಇದೆಯೆಂದು ಜನರಿಗೆ ತಿಳಿಸದಿರುವುದು, ಹಕ್ಕನ್ನು ಕೊಡದಿರುವುದಕ್ಕೆ ಸಮಾನ.

ಆಗಬೇಕಾದದ್ದು ಅಸ್ಪಷ್ಟವಾಗಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯು ಈ ಎಲ್ಲ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಬಲ್ಲ ವೇದಿಕೆ. ಗ್ರಾಮ ಪಂಚಾಯಿತಿಯಿಂದ ಬಂದ ಪ್ರತಿಯೊಂದು ಮನವಿಗೂ ನಿಗದಿತ ಅವಧಿಯೊಳಗೆ ಲಿಖಿತ ಉತ್ತರ ನೀಡುವುದು, ಪ್ರತಿಯೊಂದು ಅಪಾಯದ ಸ್ಥಳಕ್ಕೂ ಒಬ್ಬ ಅಧಿಕಾರಿಯನ್ನು ಹೆಸರಿಸಿ ಹೊಣೆ ನಿಗದಿಪಡಿಸುವುದು, ಪ್ರಾಣಾಂತಿಕ ಅಪಘಾತ ನಡೆದ ಸ್ಥಳವನ್ನು ಪೊಲೀಸ್ ಅಧಿಕಾರಿಯೂ ಎಂಜಿನಿಯರೂ ಜೊತೆಯಾಗಿ ಪರಿಶೀಲಿಸಿ ರಸ್ತೆಯ ದೋಷವನ್ನು ದಾಖಲಿಸುವುದು, ಆ ವರದಿಯನ್ನು ಗ್ರಾಮಸಭೆಯ ಮುಂದಿಡುವುದು ಇವು ಆ ಸಮಿತಿಯ ಕನಿಷ್ಠ ಕರ್ತವ್ಯಗಳಾಗಬೇಕು. ನಾಲೆ ಮತ್ತು ಕೆರೆ ಏರಿಗಳ ಮೇಲಿನ ರಸ್ತೆಗಳಿಗೆ ತಡೆಗೋಡೆ ನಿರ್ಮಿಸುವ ಕಾರ್ಯವನ್ನು ಯಾವ ಇಲಾಖೆಯ ಲೆಕ್ಕಶೀರ್ಷಿಕೆ ಎಂಬ ತರ್ಕಕ್ಕೆ ಬಲಿಗೊಡದೆ ಕಾಲಮಿತಿಯಲ್ಲಿ ಮುಗಿಸಬೇಕು. ಜಾತ್ರೆ, ಮೆರವಣಿಗೆ, ಸಂತೆಗಳ ದಿನಗಳಲ್ಲಿ ಸಂಚಾರ ಬದಲಾವಣೆಯ ಯೋಜನೆ ಇಲ್ಲದೆ ಅನುಮತಿ ನೀಡುವ ಪದ್ಧತಿ ನಿಲ್ಲಬೇಕು.

ರಸ್ತೆ ಸಾವುಗಳನ್ನು 2030ರ ವೇಳೆಗೆ ಅರ್ಧಕ್ಕಿಳಿಸುವ ಜಾಗತಿಕ ಗುರಿಗೆ ಭಾರತ ಬದ್ಧವಾಗಿದೆ. ಆ ಗುರಿ ನೆರವೇರುವುದೂ ಮುರಿಯುವುದೂ ಹಳ್ಳಿಗಳ ರಸ್ತೆಗಳಲ್ಲಿಯೇ, ಏಕೆಂದರೆ ಹೆಚ್ಚಿನವರು ಸಾಯುತ್ತಿರುವುದು ಅಲ್ಲಿ. ಕಾನೂನು ಇದೆ, ಮಾನದಂಡ ಇದೆ, ಸಮಿತಿ ಇದೆ, ಪರಿಹಾರದ ವಿಧಾನವೂ ತಿಳಿದಿದೆ. ಇಷ್ಟೆಲ್ಲ ಇದ್ದೂ ಕಾರ್ಯ ನಡೆಯದಿದ್ದರೆ ಅದನ್ನು ಅಸಹಾಯಕತೆ ಎಂದು ಕರೆಯಲು ಈ ಪತ್ರಿಕೆ ಸಿದ್ಧವಿಲ್ಲ. ಅರಿತೂ ಮಾಡದೆ ಉಳಿದ ಕರ್ತವ್ಯವು ಅಪರಾಧದ ನೆರೆಯಲ್ಲಿಯೇ ನಿಲ್ಲುತ್ತದೆ. ಹಳ್ಳಿಯ ಗೇಟಿನಲ್ಲಿ ದೀಪ ಬೇಕೆಂಬ, ನಾಲೆಗೆ ತಡೆಗೋಡೆ ಬೇಕೆಂಬ ಮನವಿ ಇಂದು ಯಾರ ಮೇಜಿನ ಮೇಲಿದೆಯೋ, ಅಲ್ಲಿ ಮುಂದೆ ಸಂಭವಿಸುವ ಸಾವಿನ ಹೊಣೆಯನ್ನು ಅವರು ಈಗಾಗಲೇ ಹೊತ್ತಿದ್ದಾರೆ. ಆ ಹೊಣೆಯಿಂದ ಅವರನ್ನು ಬಿಡುಗಡೆಗೊಳಿಸುವುದು ಪರಿಹಾರಧನದ ಆದೇಶವಲ್ಲ, ಸಕಾಲದಲ್ಲಿ ಮುಗಿದ ಕೆಲಸ ಮಾತ್ರ.